ಪುಲಿಯಾದಲ್ಲಿ ನಾಲ್ಕು ಗಂಟೆ

ನಮ್ಮ ಅಕ್ಕನಿಗೆ ಸಂಜೆ ನಾಲ್ಕಕ್ಕೆ ಕಾಫಿ ಬೇಕು. ಬರೀ ಕಾಫಿ ಅಲ್ಲ, ಜೊತೆಗೆ ಬಾಯಾಡಿಸಲು ಏನಾದರೂ ಇರಲೇಬೇಕು. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವಳು. ಅಷ್ಟೂ ವರ್ಷ ನಾಲ್ಕು ಗಂಟೆಗೆ ಅವಳ ಕೌಂಟರಿಗೆ ಹೋದವರಿಗೆ ಖಾಲಿ ಕುರ್ಚಿಯ ದರ್ಶನವಷ್ಟೇ ಆಗಿದೆ.

ಇಂಥವಳನ್ನು ಕಟ್ಟಿಕೊಂಡು ಇಟಲಿಗೆ ಹೋದೆವು. ಅದೂ ಬೂಟಿನಾಕಾರದ ಆ ದೇಶದ ಹಿಮ್ಮಡಿಯಲ್ಲಿರುವ ಪುಲಿಯಾ ಸೀಮೆಗೆ. ರೋಮು, ವೆನಿಸ್ಸು ಎಲ್ಲರೂ ನೋಡುತ್ತಾರೆ, ನಾವು ಯಾರೂ ಹೋಗದ ಕಡೆ ಹೋಗೋಣ ಅಂತ ನಮ್ಮನೆಯವರ ಹಟ. ಬಾರಿ ಎಂಬ ಊರಿನಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಆರು ದಿನ ಸುತ್ತುವುದು ಅಂತ ಎಕ್ಸೆಲ್ ಶೀಟ್ ಮಾಡಿದ್ದರು. ಅರ್ಧ ಗಂಟೆಗೊಂದು ಸಾಲು. ಆದರೆ ಅಲ್ಲಿನ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆ ಮೂರಕ್ಕೆ ಮುಚ್ಚಿದರೆ ಮತ್ತೆ ತೆಗೆಯುವುದು ರಾತ್ರಿ ಏಳೂವರೆಗೆ ಅನ್ನುವುದಕ್ಕೆ ಅದರಲ್ಲಿ ಯಾವ ಸಾಲೂ ಇರಲಿಲ್ಲ.

ಸ್ಟಿಯರಿಂಗ್ ಎಡಗಡೆ. ಗೇರ್ ಬಲಗೈಗೆ. ನಮ್ಮನೆಯವರು ಮೊದಲ ದಿನವೆಲ್ಲ ಅಭ್ಯಾಸಬಲದಿಂದ ಎಡಗೈಯಲ್ಲಿ ಗೇರ್ ಹುಡುಕಿದರು. ಅಲ್ಲಿ ಸಿಕ್ಕಿದ್ದು ಕಿಟಕಿಯ ಗುಂಡಿ. ಸೆಕೆಂಡ್ ಗೇರಿಗೆ ಬರುವ ಹೊತ್ತಿಗೆ ಗಾಜು ಪೂರ್ತಿ ಇಳಿದಿರುತ್ತಿತ್ತು.

ಬಾರಿಯ ಹಳೇ ಪೇಟೆಯ ಗಲ್ಲಿಯಲ್ಲಿ ಹೆಂಗಸರು ಮನೆ ಮುಂದೆ ಮಣೆ ಹಾಕಿಕೊಂಡು, ಚಾಕುವಿನ ತುದಿಯಲ್ಲಿ ಒರೆಕ್ಕಿಯೆತ್ತೆ ಎಂಬ ಪಾಸ್ತಾ ಒತ್ತುತ್ತಿದ್ದರು. ಹೆಸರಿನ ಅರ್ಥ ಪುಟ್ಟ ಕಿವಿ. ಸಂಡಿಗೆ ಒಣಗಿಸಿದ ಹಾಗೆ ಬೀದಿಯಲ್ಲೇ ಜಾಲರಿ ಹಲಗೆಯ ಮೇಲೆ ಒಣಗುತ್ತಿತ್ತು. 'ಕಾಗೆ ಓಡಿಸೋಕೆ ಮಕ್ಕಳನ್ನ ಕೂರಿಸಿಲ್ವಲ್ಲ' ಅಂದಳು ಅಕ್ಕ.

ಅಲ್ಲಿಂದ ಆಲ್ಬೆರೊಬೆಲ್ಲೊ. ಕುಲಾವಿ ಹಾಕಿಕೊಂಡ ಹಾಗಿರುವ ಮನೆಗಳ ಊರು. ಟ್ರುಲ್ಲಿ ಅಂತಾರೆ. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದು, ಅಷ್ಟೇ. ಹೊಸ ಊರು ಕಟ್ಟಿದರೆ ನೇಪಲ್ಸಿನ ದೊರೆಗೆ ಕಂದಾಯ ಕಟ್ಟಬೇಕಿತ್ತಂತೆ. ಅದನ್ನು ತಪ್ಪಿಸಲು ಇಲ್ಲಿನ ಜಮೀನ್ದಾರ ಕೌಂಟ್‌ಗಳು ಗಾರೆ ಹಾಕದೆ ಮನೆ ಕಟ್ಟಿಸಿದರು, ತಪಾಸಣೆಯವರು ಬಂದರೆ ಕೆಡವಿಬಿಡಬಹುದು ಅಂತ. 1797ರಲ್ಲಿ ಊರು ಕೌಂಟ್‌ಗಳ ಕೈ ತಪ್ಪಿ ನೇರ ದೊರೆಯ ಕೆಳಗೆ ಬಂತು. ಈ ಕಥೆ ಕೇಳಿ ಅಕ್ಕನಿಗೆ ಆ ಊರಿನ ಮೇಲೆ ಗೌರವ ಬಂತು. 'ನಮ್ಮ ಬ್ರಾಂಚಿನ ಸಾಲಗಾರರಿಗೆ ಇದೊಂದು ಗೊತ್ತಿರಲಿಲ್ಲ.'

ಗೌರವದಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಗಂಟೆ ನಾಲ್ಕಾಗಿತ್ತು. ಮೂರು ಹೋಟೆಲಿನ ಬಾಗಿಲು ತಟ್ಟಿದೆವು. ಮೂರರಲ್ಲೂ ಒಂದೇ ಮಾತು, 'ಕುಚೀನಾ ಕ್ಯೂಸಾ', ಅಡುಗೆಮನೆ ಬಂದ್. ಕಾಫಿ ಬಾರ್ ಮಾತ್ರ ತೆರೆದಿತ್ತು. ದರ್ಶಿನಿಯ ಹಾಗೆ ನಿಂತೇ ಕುಡಿಯುವುದು, ಅದು ನಮಗೆ ಹೊಸತಲ್ಲ. ಆದರೆ ಲೋಟದ ತಳದಲ್ಲಿ ಎರಡು ಚಮಚದಷ್ಟು ಕಾಫಿ ನೋಡಿ ಅಕ್ಕ, 'ಡಿಕಾಕ್ಷನ್ ಕೊಟ್ಟಿದ್ದಾನೆ, ಹಾಲು ಬೆರೆಸೋದು ಮರೆತಿದ್ದಾನೆ' ಅಂತ ಐದು ನಿಮಿಷ ಕಾದಳು.

ಪಕ್ಕದ ಅಂಗಡಿಯಲ್ಲಿ ತರಾಲ್ಲಿ ಪೊಟ್ಟಣ ಸಿಕ್ಕಿತು. ನೋಡಿದರೆ ಥೇಟ್ ಕೋಡುಬಳೆ! ಸ್ವಲ್ಪ ಪುಟ್ಟದು, ಖಾರ ಇಲ್ಲ, ಸೋಂಪಿನ ಘಮ. ಕರಿದದ್ದೂ ಅಲ್ಲ. ಮೊದಲು ಕುದಿಯುವ ನೀರಿಗೆ ಹಾಕಿ ತೆಗೆದು ಆಮೇಲೆ ಒಲೆಯಲ್ಲಿ ಬೇಯಿಸುತ್ತಾರೆ. ಅಕ್ಕ ಅರ್ಧ ಪೊಟ್ಟಣ ಮುಗಿಸಿದ ಮೇಲೆ ನಮ್ಮನೆಯವರು ಫೋನಿನಲ್ಲಿ ಅದರ ಲೇಬಲ್ ಅನುವಾದ ಮಾಡಿದರು. ಗೋಧಿ ಹಿಟ್ಟು, ಆಲಿವ್ ಎಣ್ಣೆ, ಬಿಳಿ ವೈನು.

ಕಾರಿನಲ್ಲಿ ಮೌನ.

'ಬೆಂದ ಮೇಲೆ ಹೋಗುತ್ತೆ ಅಕ್ಕ' ಅಂದೆ.

'ಹೋಗಲಿ ಬಿಡು, ಪೊಟ್ಟಣ ಇಲ್ಲಿ ಕೊಡು' ಅಂದಳು.

ಮಾರನೇ ದಿನ ಕಸ್ತೆಲ್ ದೆಲ್ ಮೊಂತೆ. 13ನೇ ಶತಮಾನದಲ್ಲಿ ಎರಡನೇ ಫ್ರೆಡರಿಕ್ ಚಕ್ರವರ್ತಿ ಕಟ್ಟಿಸಿದ ಕೋಟೆ. ಎಂಟು ಮೂಲೆ, ಮೂಲೆಗೊಂದರಂತೆ ಎಂಟು ಗೋಪುರ. ಮ್ಯಾಪು ನಮ್ಮನ್ನು ಹತ್ತಿರದ ದಾರಿ ಅಂತ ಆಲಿವ್ ತೋಟಗಳ ನಡುವೆ ನುಗ್ಗಿಸಿತು. ಎರಡೂ ಕಡೆ ಕಲ್ಲಿನ ಗೋಡೆ, ಮಧ್ಯೆ ನಮ್ಮ ಕಾರಿನಷ್ಟೇ ಅಗಲದ ರಸ್ತೆ, ಎದುರಿಗೆ ಟ್ರ್ಯಾಕ್ಟರ್. ನಮ್ಮನೆಯವರು ರಿವರ್ಸ್ ಹಾಕಿದರು. ಕಿಟಕಿ ಇಳಿಯಿತು. ಮತ್ತೆ ಹಾಕಿದರು. ಟ್ರ್ಯಾಕ್ಟರಿನ ಅಜ್ಜ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಇಳಿದು ಬಂದು, ನಮ್ಮನೆಯವರನ್ನು ಕೆಳಗಿಳಿಸಿ, ತಾನೇ ಕೂತು ಒಂದೇ ಉಸಿರಿಗೆ ಹಿಂದಕ್ಕೆ ಓಡಿಸಿದ. ಹಿಂದಿನ ಸೀಟಿನಲ್ಲಿ ಅಕ್ಕ, ನಾನು ಕಣ್ಣು ಮುಚ್ಚಿದ್ದೆವು. ಯಜಮಾನರು ಪಾಪ ಕಾರಿನ ಹಿಂದೆ ನಡೆದುಕೊಂಡು ಬಂದರು.

ಕೋಟೆಗೆ ಹೊತ್ತು ಮೀರಿತ್ತು. ಅಕ್ಕ ಪರ್ಸಿನಿಂದ ಒಂದು ಸೆಂಟಿನ ನಾಣ್ಯ ತೆಗೆದಳು. ಇಟಲಿಯ ಒಂದು ಸೆಂಟಿನ ಮೇಲೆ ಅದೇ ಕೋಟೆ ಇದೆ. 'ನೋಡಿದ್ದಾಯ್ತಲ್ಲ, ನಡೀರಿ' ಅಂದು, ಅಜ್ಜನಿಗೆ ಕೈಸನ್ನೆಯಲ್ಲಿ ಊಟ ಎಲ್ಲಿ ಅಂತ ಕೇಳಿದಳು. ಆತ ದಕ್ಷಿಣಕ್ಕೆ ಕೈ ತೋರಿಸಿ, 'ಅಲ್ತಮುರಾ. ಪಾನೆ!' ಅಂದ.

ಅಲ್ತಮುರಾದ ಬ್ರೆಡ್ಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಗಟ್ಟಿ ಗೋಧಿಯ ರವೆಯನ್ನು ಮತ್ತೆ ನುಣ್ಣಗೆ ಬೀಸಿ ಮಾಡುವುದು, ಅದಕ್ಕೇ ಒಳಗೆ ಅರಿಶಿನದ ಛಾಯೆ. ಹೊರಗಿನ ಸಿಪ್ಪೆ ಕನಿಷ್ಠ 3 ಮಿಲಿಮೀಟರ್ ದಪ್ಪ ಇರಬೇಕು ಅಂತ ನಿಯಮವೇ ಇದೆ. 2003ರಲ್ಲಿ ಯುರೋಪ್ ಒಕ್ಕೂಟದಿಂದ ನಮ್ಮ ಜಿಐ ಟ್ಯಾಗಿನಂಥ ಮಾನ್ಯತೆ ಸಿಕ್ಕಿತು. ಹಿಂದೆ ಮನೆಯಲ್ಲಿ ಹಿಟ್ಟು ಕಲಸಿ ಊರೊಟ್ಟಿನ ಒಲೆಗೆ ಕಳಿಸುತ್ತಿದ್ದರು. ಯಾರದು ಯಾವುದು ಅಂತ ತಿಳಿಯಲು ಮರದ ಮೊಹರಿನಿಂದ ಮನೆಯ ಗುರುತು ಒತ್ತುತ್ತಿದ್ದರು. ಇದೇ ಊರಿನಲ್ಲಿ 2001ರಲ್ಲಿ ಮೆಕ್‌ಡೊನಾಲ್ಡ್ಸ್ ಬಂತು. ಪಕ್ಕದಲ್ಲೇ ಒಬ್ಬ ಬೇಕರಿ ತೆರೆದು ಬಿಸಿ ಫೊಕಾಚಿಯಾ ಮಾರಲು ಶುರು ಮಾಡಿದ. 2002ರಲ್ಲಿ ಮೆಕ್‌ಡೊನಾಲ್ಡ್ಸ್ ಬಾಗಿಲು ಹಾಕಿಕೊಂಡಿತು. ಬರ್ಗರ್ ಸೋತಿದ್ದು ಬಿಸಿಬಿಸಿ ರೊಟ್ಟಿಯ ಎದುರು.

ನಾವು ಹೋದಾಗ ಮತ್ತೆ ನಾಲ್ಕೇ ಗಂಟೆ. ಬೀದಿ ತುಂಬ ಘಮ. ನಮ್ಮನೆಯವರು ಎರಡು ತುಂಡು ಸಾಕು ಅಂತ ಎರಡು ಬೆರಳು ತೋರಿಸಿದರು. ಅಂಗಡಿಯಾಕೆ ಕಿಲೋ ತೂಕದ ಎರಡು ಬ್ರೆಡ್ಡು ಕಟ್ಟಿಕೊಟ್ಟಳು. ವಾಪಸ್ ಕೊಡಲು ನಾಚಿಕೆ. ಅಲ್ಲಿಂದ ಮುಂದೆ ಆ ಬ್ರೆಡ್ಡು ಅಕ್ಕನ ಪಕ್ಕ ನಾಲ್ಕನೇ ಪ್ರಯಾಣಿಕನ ಹಾಗೆ ಕೂತಿತ್ತು.

ಆ ರಾತ್ರಿಯ ಹೋಟೆಲಿನಲ್ಲಿ ಒರೆಕ್ಕಿಯೆತ್ತೆ ತರಿಸಿದೆವು. 'ಮಾಂಸ ಬೇಡ' ಅಂತ ಇಟಾಲಿಯನ್ನಿನಲ್ಲೇ ಹೇಳಿದ್ದೆ, ಮಾಣಿ ತಲೆಯಾಡಿಸಿದ್ದ. ಕಹಿ ಸೊಪ್ಪು, ಬೆಳ್ಳುಳ್ಳಿ, ಏನು ರುಚಿ! ಬಟ್ಟಲು ಖಾಲಿಯಾದ ಮೇಲೆ ಗೊತ್ತಾಯಿತು, ಎಣ್ಣೆಯಲ್ಲಿ ಪುಟ್ಟ ಮೀನನ್ನು ಕರಗಿಸುತ್ತಾರೆ. ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಅಕ್ಕ ಚಮಚ ಕೆಳಗಿಟ್ಟು ನಮ್ಮನೆಯವರಿಗೆ ಹೇಳಿದಳು, 'ನೋಡಿ, ಇನ್ನು ಮೇಲೆ ನಾನು ತಿಂದ ಮೇಲೆ ನೀವು ಫೋನು ಮುಟ್ಟಬಾರದು.'

ಆಮೇಲೆ ಬಂದ ಫಾವೆ ಎ ಚಿಕೋರಿಯಾ ಅವಳ ಮನಸ್ಸು ಸರಿ ಮಾಡಿತು. ಅವರೆಯ ಬಳಗದ ಒಣ ಬೇಳೆಯನ್ನು ನುಣ್ಣಗೆ ಕಡೆದದ್ದು, ಪಕ್ಕದಲ್ಲಿ ಬೇಯಿಸಿದ ಸೊಪ್ಪು. 'ಚಿಕೋರಿ ಅಂದರೆ ಕಾಫಿಪುಡಿಗೆ ಬೆರೆಸೋದು ಅಲ್ವಾ?' ಅಂದಳು. ಹೌದು, ಅದೇ ಗಿಡದ ಜಾತಿ. ನಾವು ಬೇರು ಹುರಿದು ಕುಡಿಯುತ್ತೇವೆ, ಇವರು ಎಲೆ ಬೇಯಿಸಿ ತಿನ್ನುತ್ತಾರೆ. ಅಕ್ಕ ಸೊಪ್ಪನ್ನು ಬಹಳ ಹೊತ್ತು ನೋಡಿದಳು. ಊರು ಬಿಟ್ಟ ಮೇಲೆ ಅವಳು ಅಷ್ಟು ಪ್ರೀತಿಯಿಂದ ನೋಡಿದ್ದು ಅದೊಂದನ್ನೇ.

ಮತೇರಾದಲ್ಲಿ ಬಂಡೆ ಕೊರೆದ ಮನೆಗಳು. ಮನುಷ್ಯರು, ಕತ್ತೆ, ಕೋಳಿ ಒಂದೇ ಗುಹೆಯಲ್ಲಿದ್ದ ಕಾಲವಿತ್ತು. 1952ರ ಕಾನೂನಿನ ಮೇಲೆ ಸರ್ಕಾರ ಎಲ್ಲರನ್ನೂ ಹೊರಗೆ ಸಾಗಿಸಿತು. 1993ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು, ಈಗ ಅವೇ ಗುಹೆಗಳಲ್ಲಿ ಹೋಟೆಲು. ಒಂದು ರಾತ್ರಿಯ ಬಾಡಿಗೆ ನೋಡಿ ನಾವು ಊರಾಚೆ ಒಂದು ಮನೆಯಲ್ಲಿ ಉಳಿದೆವು. ಅಲ್ಲಿನ ಮನೆಯೊಡತಿ ನಮ್ಮ ಕಲ್ಲಾದ ಬ್ರೆಡ್ಡು ನೋಡಿ ನಕ್ಕು, ನೀರು ಚಿಮುಕಿಸಿ ಮೆತ್ತಗೆ ಮಾಡಿ, ಟೊಮೆಟೊ, ಈರುಳ್ಳಿ, ಸೌತೆಕಾಯಿ, ಎಣ್ಣೆ ಕಲಸಿ ಚಾಲೆದ್ದಾ ಮಾಡಿಕೊಟ್ಟಳು. ನೆನೆಸಿದ ಅವಲಕ್ಕಿಯ ಅಕ್ಕತಂಗಿ! ಒಂದು ಒಗ್ಗರಣೆ ಬಿದ್ದಿದ್ದರೆ ಅಂತ ಅಕ್ಕ ಗೊಣಗಿದಳು. ಆದರೂ ಎರಡು ಸಲ ಹಾಕಿಸಿಕೊಂಡಳು.

ಕೊನೆಯ ದಿನ ಇನ್ನೊಂದು ಹಳೇ ಊರಿಗೆ ಹೋದೆವು. ಹೆಸರು ಬೇಡ. ಪೇಟೆಯ ಬಾಗಿಲಲ್ಲಿ 'ವಾರ್ಕೊ ಅತ್ತೀವೊ' ಅಂತ ದೀಪದ ಬೋರ್ಡು. 'ಬಾಗಿಲು ಆಕ್ಟಿವ್ ಆಗಿದೆ, ಅಂದರೆ ಹೋಗಬಹುದು' ಅಂದರು ನಮ್ಮನೆಯವರು. ಸುಮ್ನೆ ಒಳಗೆ ಹೋಗಿ, ಪೇಸ್ಟ್ರಿ ಅಂಗಡಿ ಹುಡುಕಿ, ತಿಂದು ಬಂದೆವು.

ನಾಲ್ಕು ತಿಂಗಳ ಮೇಲೆ ಮೈಸೂರಿನ ಮನೆಗೆ ಇಟಲಿಯಿಂದ ಲಕೋಟೆ ಬಂತು. ಆಕ್ಟಿವ್ ಆಗಿದ್ದದ್ದು ಕಾರು ಒಳಗೆ ತರಬಾರದೆಂಬ ನಿಷೇಧವಂತೆ, ಕ್ಯಾಮೆರಾ ಸಮೇತ. ದಂಡದ ಮೊತ್ತ ನೋಡಿ ನಮ್ಮನೆಯವರು ಕೂತಲ್ಲೇ ಕೂತರು. ಅಕ್ಕ ಕನ್ನಡಕ ಏರಿಸಿಕೊಂಡು ಕಾಗದವನ್ನು ಚೆಕ್ಕು ಪರೀಕ್ಷಿಸಿದ ಹಾಗೆ ಮೇಲಿನಿಂದ ಓದಿದಳು. ದಿನಾಂಕ, ಕಾರಿನ ನಂಬರು, ಕೊನೆಗೆ ಸಮಯ. 16.04.

'ಟೈಮು ಸರಿಯಾಗಿದೆ, ಕಟ್ಟಿಬಿಡಿ' ಅಂದು, ಕಾಫಿಗೆ ನೀರಿಡಲು ಒಳಗೆ ಹೋದಳು.