ಫೋನ್ ಬೂತಿನಲ್ಲಿ 20 ನಿಮಿಷ

ಅಕ್ಕನ ಮಗಳು ದ್ವಿತೀಯ ಪಿಯುಸಿ. ದಸರಾ ರಜೆಯಲ್ಲಿ ಅವಳಿಗೆ ಸ್ಯಾಲಿಂಜರ್ ಬರೆದ ‘ದ ಕ್ಯಾಚರ್ ಇನ್ ದ ರೈ’ ಕೊಟ್ಟೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ ಸಿಕ್ಕ ಪ್ರತಿ. ಅವಳ ವಯಸ್ಸಿನಲ್ಲಿ ನಾನು ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದೆ. ಕೊಡುವಾಗ ಗುರೂಪದೇಶದ ಗತ್ತು ಸ್ವಲ್ಪ ಇತ್ತು, ಒಪ್ಪಿಕೊಳ್ಳುತ್ತೇನೆ.

ನಾಲ್ಕನೆಯ ದಿನ ಅವಳು ಕೇಳಿದ್ದು: “ಮಾಮ, ಇವನ ಫೀಸು ಕಟ್ಟಿದವರು ಯಾರು?”

ನನಗೆ ಎಂದೂ ಹೊಳೆಯದ ಪ್ರಶ್ನೆ. 1951ರ ಕಾದಂಬರಿ. ಹದಿನಾರರ ಹೋಲ್ಡನ್ ನಾಲ್ಕು ವಿಷಯಗಳಲ್ಲಿ ನಪಾಸಾಗಿ, ಶಾಲೆಯಿಂದ ಹೊರಬಿದ್ದು, ಹೋಟೆಲು, ಟ್ಯಾಕ್ಸಿ ಎಂದು ನ್ಯೂಯಾರ್ಕಿನಲ್ಲಿ ಅಲೆಯುತ್ತಾನೆ. ಅಪ್ಪ ಕಂಪನಿಗಳ ವಕೀಲ. ಅವನು ಬಿಟ್ಟ ಶಾಲೆಗಳಲ್ಲಿ ಅದು ಮೊದಲನೆಯದೂ ಅಲ್ಲ. ನನಗೆ ಬಂಡಾಯವಾಗಿ ಕಂಡದ್ದು, ಚೀಟಿ ಎತ್ತಿ ಫೀಸು ಕಟ್ಟುವ ಮನೆಯ ಹುಡುಗಿಗೆ ಕೊಬ್ಬಾಗಿ ಕಂಡಿತು. ಜಗತ್ತೆಲ್ಲ ಬರೀ ಸೋಗು ಎಂಬ ಅವನ ಸಿಟ್ಟಿಗಂತೂ ಆಕಳಿಸಿದಳು. “ಎಲ್ಲರೂ ನಟಿಸುತ್ತಾರೆ, ಅದರಲ್ಲಿ ಸಿಟ್ಟಾಗುವಂಥದ್ದೇನಿದೆ?” ಎಂದಳು.

ಈಗಿನ ಮಕ್ಕಳಿಗೆ ಇಂಥ ಪುಸ್ತಕ ತಾಗುವುದಿಲ್ಲ ಎಂದು ಗೊಣಗುವುದಕ್ಕೆ ನನಗೆ ಇಷ್ಟೇ ಸಾಕಿತ್ತು. ಆದರೆ ಅವಳು ಓದುವುದನ್ನು ಬಿಡಲಿಲ್ಲ.

ನಾನು ಸರಸರನೆ ದಾಟಿದ್ದ ಒಂದು ಕಡೆ ಅವಳು ನಿಂತುಬಿಟ್ಟಿದ್ದಳು. ಪೆನ್ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದವನೇ ಹೋಲ್ಡನ್ ಫೋನ್ ಬೂತಿಗೆ ಹೋಗುತ್ತಾನೆ. ಯಾರಿಗೆ ಮಾಡುವುದು? ಅಣ್ಣ ಹಾಲಿವುಡ್ಡಿನಲ್ಲಿದ್ದಾನೆ. ತಂಗಿ ಫೀಬಿ ಮಲಗಿರುತ್ತಾಳೆ, ಫೋನ್ ಎತ್ತುವವರು ಅಪ್ಪ ಅಮ್ಮನೇ. ಒಬ್ಬೊಬ್ಬರ ಹೆಸರೂ ನೆನಪಾಗುತ್ತದೆ, ಒಬ್ಬೊಬ್ಬರೂ ಬೇಡವಾಗುತ್ತಾರೆ. ಸುಮಾರು 20 ನಿಮಿಷ ಅಲ್ಲೇ ಇದ್ದು, ಯಾರಿಗೂ ಮಾಡದೆ ಹೊರಗೆ ಬರುತ್ತಾನೆ.

“ಇದು ನನಗೆ ದಿನಾ ರಾತ್ರಿ ಆಗುತ್ತದೆ ಮಾಮ” ಎಂದಳು, ಮೊಬೈಲನ್ನು ಮಗುಚಿ ಇಡುತ್ತಾ. ಏನು ಹೇಳಬೇಕೆಂದು ತಿಳಿಯದೆ ಕಾಫಿ ಮಾಡಲು ಎದ್ದುಹೋದೆ.

ಇನ್ನೊಂದಕ್ಕೆ ಅವಳಿಗೆ ಹೊಟ್ಟೆಕಿಚ್ಚು. ಅಷ್ಟು ಹೊತ್ತು ಹೋಲ್ಡನ್ ಎಲ್ಲಿದ್ದಾನೆಂದು ಮನೆಯವರಿಗೆ ಗೊತ್ತಿಲ್ಲವಲ್ಲ! ಹತ್ತು ನಿಮಿಷ ತಡವಾದರೆ ಅಕ್ಕನ ಫೋನಿಗೆ ಸಂದೇಶ ಕಳಿಸುವ ನೀಟ್ ತರಬೇತಿ ಕೇಂದ್ರ ಅವಳದು. ಅವನ ಒಂಟಿತನ ಗೊತ್ತಿರುವುದೇ, ಆದರೆ ಕಾಣೆಯಾಗುವ ಸೌಲಭ್ಯ ಅವಳಿಗೆ ರಾಜಕುಮಾರನ ಕಥೆ.

ಹೋಲ್ಡನ್ನನ ತೀರಿಕೊಂಡ ತಮ್ಮ ಆಲಿಯ ಬೇಸ್‌ಬಾಲ್ ಕೈಗವಸಿನ ತುಂಬ ಹಸಿರು ಶಾಯಿಯಲ್ಲಿ ಕವಿತೆಗಳಿವೆ. ಮೈದಾನದಲ್ಲಿ ಬೇಸರ ಬಂದಾಗ ಓದಲು ಬರೆದುಕೊಂಡಿದ್ದ. ಆ ಪುಟಕ್ಕೆ ಅವಳು ಅತ್ತಳಂತೆ. ಅಲ್ಲಿ ನಾನು ಅತ್ತದ್ದು ನೆನಪಿಲ್ಲ. ನನ್ನ ಹೋಲ್ಡನ್ ಕೆಂಪು ಟೊಪ್ಪಿಗೆಯ ಶೂರನಾಗಿದ್ದ; ಅವಳ ಹೋಲ್ಡನ್ ತಮ್ಮನನ್ನು ಕಳೆದುಕೊಂಡ ಹುಡುಗ. ಅವಳ ಓದೇ ಹೆಚ್ಚು ಸರಿಯೆಂದು ಈಗ ಅನ್ನಿಸುತ್ತದೆ.

ಅಮೆರಿಕದಲ್ಲಿ ಈ ಪುಸ್ತಕವನ್ನು ಕೆಲವು ಶಾಲೆಗಳು ನಿಷೇಧಿಸಿದವು, ಹಲವು ಶಾಲೆಗಳು ಪಠ್ಯ ಮಾಡಿದವು. ಎರಡನೆಯದೇ ಹೆಚ್ಚು ಕ್ರೂರ ಎಂಬ ಗುಮಾನಿ ನನಗೆ. ಫೋನ್ ಬೂತಿನ ಮೇಲೆ ಐದು ಅಂಕದ ಪ್ರಶ್ನೆ ಬಂದರೆ ಯಾವ ಮಗು ಮೊಬೈಲನ್ನು ಮಗುಚಿ ಇಟ್ಟೀತು?

ಪುಸ್ತಕ ಮೊನ್ನೆ ವಾಪಸು ಬಂತು. ನಾನು ಹದಿನೇಳರಲ್ಲಿ ಎರಡೆರಡು ಗೆರೆ ಎಳೆದಿದ್ದ ಒಂದು ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ: “ಅಯ್ಯೋ ಮಾಮ.”