‘ನಾವೆಲ್ಲ’ ಬ್ಯಾಚಿನ ಗುರುವಂದನೆ

ಡಿಸೆಂಬರ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಗುರುವಂದನೆಯ ಸುಗ್ಗಿ ಶುರುವಾಗುತ್ತದೆ. ‘25 ವರ್ಷಗಳ ಬಳಿಕ ಒಂದೆಡೆ ಸೇರಿದ ಸಹಪಾಠಿಗಳು’ ಎಂಬ ತಲೆಬರಹದ ಕೆಳಗೆ ಒಂದೇ ಬಣ್ಣದ ಟಿ-ಶರ್ಟು ತೊಟ್ಟ ನಲವತ್ತು ಹೊಟ್ಟೆಗಳೂ ಅವುಗಳ ನಡುವೆ ಮೈಸೂರು ಪೇಟದಡಿ ಮುಖ ಮುಚ್ಚಿಹೋದ ನಿವೃತ್ತ ಮೇಷ್ಟ್ರೂ ಇರುತ್ತಾರೆ. ಊರು ಬದಲಾಗುತ್ತದೆಯೇ ಹೊರತು ಚಿತ್ರ ಬದಲಾಗುವುದಿಲ್ಲ. ಈ ಸಲ ಅಂಥದ್ದೊಂದು ಚಿತ್ರದ ಎಡತುದಿಯಲ್ಲಿ ನನ್ನ ಅರ್ಧ ಮುಖವೂ ಅಚ್ಚಾಗಿರುವುದರಿಂದ, ಈ ಬಗ್ಗೆ ಮಾತನಾಡುವ ಅರ್ಧ ಅಧಿಕಾರವಾದರೂ ನನಗಿದೆ.

ಮೈಕು ಹಿಡಿದ ಪ್ರತಿಯೊಬ್ಬರೂ ‘ನಾವೆಲ್ಲ’ ಎಂದೇ ಮಾತು ಆರಂಭಿಸುತ್ತಾರೆ. ಮೇಷ್ಟ್ರ ಏಟು ಬೀಳದಿದ್ದರೆ ನಾವೆಲ್ಲ ಈ ಮಟ್ಟಕ್ಕೆ ಬರುತ್ತಿರಲಿಲ್ಲ ಎಂಬುದು ಮೊದಲ ವಾಕ್ಯ. ಯಾವ ಮಟ್ಟ ಎಂಬುದನ್ನು ಇದುವರೆಗೆ ಯಾರೂ ಬಿಡಿಸಿ ಹೇಳಿಲ್ಲ. ಏಟಿನ ವಿಷಯ ಬಂದದ್ದರಿಂದ ಲಕ್ಕಿ ಬರಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನು ಬೇಲಿಯಿಂದ ಮುರಿದು ತರುವ ಕೆಲಸವನ್ನು ಅವತ್ತು ಏಟು ತಿನ್ನಬೇಕಾದ ಹುಡುಗನಿಗೇ ವಹಿಸಲಾಗುತ್ತಿತ್ತು. ತೆಳ್ಳಗಿನದನ್ನು ತಂದರೆ ಎರಡೇ ಏಟಿಗೆ ಮುರಿದು ಮತ್ತೊಂದು ತರಬೇಕಾಗುತ್ತಿತ್ತು, ದಪ್ಪನೆಯದನ್ನು ತಂದರೆ ಅದು ಸಂಜೆಯವರೆಗೂ ಮುರಿಯುತ್ತಿರಲಿಲ್ಲ. ತನ್ನ ಶಿಕ್ಷೆಯ ಸಲಕರಣೆಯನ್ನು ತಾನೇ ಆರಿಸಿಕೊಳ್ಳುವ ಇಂಥ ಸ್ವಾತಂತ್ರ್ಯ ಯಾವ ಜೈಲಿನಲ್ಲೂ ಇರಲಾರದು. ಬಾತುಹೋಗುತ್ತಿದ್ದ ಅಂಗೈಯನ್ನು ನೆನೆದು ವೇದಿಕೆಯ ಮೇಲೆ ಗದ್ಗದಿತನಾದ ನನ್ನ ಗೆಳೆಯನೊಬ್ಬ, ಕಳೆದ ಜೂನ್‌ನಲ್ಲಿ ತನ್ನ ಮಗನಿಗೆ ಟೀಚರ್ ದನಿಯೇರಿಸಿ ಗದರಿದ್ದಕ್ಕೇ ಶಾಲೆಗೆ ನುಗ್ಗಿ, ಪೊಲೀಸರಿಗೆ ದೂರು ಕೊಡುವುದಾಗಿ ಅಬ್ಬರಿಸಿ ಬಂದವನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ಅವನಿಗೆ ಬಾಯಿಪಾಠವಿದೆ. ಅದು ಅವನ ಮಗನಿಗೆ ಅನ್ವಯಿಸುತ್ತದೆ, ಅವನ ನೆನಪಿಗೆ ಅನ್ವಯಿಸುವುದಿಲ್ಲ.

ಕೊಡುಗೆಗಳ ವಿಷಯದಲ್ಲೂ ನಮ್ಮ ಬ್ಯಾಚು ಹಿಂದೆ ಬೀಳಲಿಲ್ಲ. ಶಾಲೆಗೆ ನಾಲ್ಕು ಫ್ಯಾನು ಕೊಟ್ಟೆವು. ಒಂದೊಂದು ರೆಕ್ಕೆಯ ಮೇಲೂ ಒಬ್ಬೊಬ್ಬ ದಾನಿಯ ಹೆಸರು ಬರೆಸಿದ್ದರಿಂದ, ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಫೋಟೊ ಮುಗಿಯುವವರೆಗೆ ಸ್ವಿಚ್ಚಿನ ಬಳಿ ಒಬ್ಬನನ್ನು ಕಾವಲಿಗೆ ನಿಲ್ಲಿಸಿದ್ದೆವು. ಉಳಿದ ಹಣದಲ್ಲಿ ಮಹಾದ್ವಾರ ಕಟ್ಟಿಸುವುದೆಂದು ತೀರ್ಮಾನವಾಯಿತು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲವೆಂದು ಮುಖ್ಯ ಶಿಕ್ಷಕಿ ಮೆಲ್ಲಗೆ ಹೇಳಿ ನೋಡಿದರು. ಶಾಲೆಗಳಲ್ಲಿ ಶೌಚಾಲಯ ಕಟ್ಟಿಸಿ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಗಡುವು ಕೊಟ್ಟಿತ್ತು, 2014ರಲ್ಲಿ ಕೆಂಪುಕೋಟೆಯ ಮೇಲಿಂದ ಪ್ರಧಾನಿಯವರು ಒಂದು ವರ್ಷದ ಗಡುವು ಕೊಟ್ಟಿದ್ದರು. ಕೋರ್ಟು, ಕೋಟೆ ಎರಡೂ ಹೇಳಿಯಾದ ಮೇಲೆ ನಮ್ಮದೇನಿದೆ ಎಂದು ಸಮಿತಿ ವಿನಯದಿಂದ ಹಿಂದೆ ಸರಿಯಿತು. ಶೌಚಾಲಯದ ಬಾಗಿಲಿನ ಮೇಲೆ ತಂದೆಯವರ ಸ್ಮರಣಾರ್ಥ ಎಂದು ಬರೆಸಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಆಮೇಲೆ ಒಬ್ಬರು ‘ನಾವೆಲ್ಲ ಸೇರಿ ಶಾಲೆ ಗುಡಿಸುತ್ತಿದ್ದೆವು, ಅದೂ ಒಂದು ಶಿಕ್ಷಣವೇ ಆಗಿತ್ತು’ ಎಂದರು. ದೊಡ್ಡ ಚಪ್ಪಾಳೆ ಬಿತ್ತು. ಅಂಗಳವನ್ನೇನೋ ಸರದಿಯಂತೆ ಗುಡಿಸುತ್ತಿದ್ದೆವು. ಆದರೆ ಮೂತ್ರಾಲಯಕ್ಕೆ ನೀರು ಹೊರಲು ಮೂರು ವರ್ಷವೂ ಕರೆಯುತ್ತಿದ್ದದ್ದು ಅದೇ ಮೂರು ಹುಡುಗರನ್ನು. ಅವರು ಯಾವ ಕೇರಿಯವರು ಎಂಬುದು ಕರೆಯುತ್ತಿದ್ದವರಿಗೂ ಗೊತ್ತಿತ್ತು, ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದ ನಮಗೂ ಗೊತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹನ್ನೊಂದು ಅಳುವ ಮುಖಗಳು ಬಿದ್ದವು, ಅದಾದ ಕೂಡಲೇ ಯಾರದೋ ಮದುವೆ ವಾರ್ಷಿಕೋತ್ಸವದ ಕೇಕು ಬಂತು. ಆ ಮೂವರು ಗುಂಪಿನಲ್ಲಿಲ್ಲ. ನಂಬರು ಸಿಗಲಿಲ್ಲವಂತೆ. ಅಮೆರಿಕದಲ್ಲಿರುವ ಸಹಪಾಠಿಯ ನಂಬರನ್ನು ಎರಡೇ ದಿನದಲ್ಲಿ ಪತ್ತೆ ಮಾಡಿದವರಿಗೆ, ಶಾಲೆಯ ಹಿಂದಿನ ಕೇರಿಯಲ್ಲೇ ಇರುವವರ ನಂಬರು ಆರು ತಿಂಗಳಾದರೂ ಸಿಗಲಿಲ್ಲ. ಇದನ್ನು ತಮಾಷೆಯಾಗಿ ಬರೆಯಬೇಕೆಂದು ಎರಡು ಸಲ ಹೊಡೆದು ಹಾಕಿ ನೋಡಿದೆ, ಆಗಲಿಲ್ಲ. ನಾನೂ ಹುಡುಕಲಿಲ್ಲ.

ಊಟಕ್ಕೆ ಮುಂಚೆ ‘ಹೆಣ್ಣುಮಕ್ಕಳ ಪರವಾಗಿಯೂ ಒಬ್ಬರು ಮಾತನಾಡಲಿ’ ಎಂದು ನಿರೂಪಕ ಕೂಗಿದ. ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಸಹಪಾಠಿಯೊಬ್ಬಳು ಎದ್ದು ಬಂದು, ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯ ಗಂಟೆ ಹೊಡೆಯುವವರೆಗೆ ತಾವು ಹುಡುಗಿಯರು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ, ಕುಡಿದರೆ ಹೋಗಲು ಜಾಗವಿರಲಿಲ್ಲ, ಶಾಲೆ ಎಂದರೆ ತನಗೆ ಮೊದಲು ನೆನಪಾಗುವುದು ಆ ಬಾಯಾರಿಕೆ ಎಂದಳು. ಪೆಂಡಾಲಿನಲ್ಲಿ ಯಾರೋ ಕೆಮ್ಮಿದರು. ನಿರೂಪಕ ನಗುಮುಖದಿಂದಲೇ ಮೈಕಿಗೆ ಕೈ ಚಾಚಿ, ‘ಮೇಡಂ, ಒಂದು ಸಂತೋಷದ ನೆನಪಿದ್ದರೆ ಹೇಳಿಬಿಡಿ, ಊಟಕ್ಕೆ ಹೊತ್ತಾಯಿತು’ ಎಂದ.