ಹ್ಯಾಂಡ್ ಅಂದ್ರೆ ಇಡೀ ಕೈ ಅಲ್ಲ: ಒಂದು ಸ್ಪಷ್ಟನೆ

ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳ ಪೋಷಕರ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ. ಹ್ಯಾಂಡ್ ಅಂದ್ರೆ ಭುಜದಿಂದ ಬೆರಳಿನವರೆಗೂ ಕೈ, ಗಡಿಯಾರದ ಮುಳ್ಳಿಗೆ ಹ್ಯಾಂಡ್ ಅನ್ನೋದು ತಪ್ಪು, ನೀಡಲ್ ಅನ್ನಬೇಕು ಅಂತ. ಎರಡೂ ಸರಿಯಿಲ್ಲ.

ಮಣಿಕಟ್ಟಿನಿಂದ ಬೆರಳ ತುದಿವರೆಗೆ ಮಾತ್ರ ಹ್ಯಾಂಡ್. ಅದರ ಮೇಲೆ ಭುಜದವರೆಗೆ ಆರ್ಮ್. ನಮಗೆ ಗೊಂದಲ ಆಗೋದು ಸಹಜ, ಯಾಕಂದ್ರೆ ಕನ್ನಡ, ತುಳು, ಮಲಯಾಳ ಮೂರರಲ್ಲೂ ಇಡೀ ಅಂಗಕ್ಕೆ ಕೈ ಅಂತಲೇ ಹೇಳ್ತೇವೆ. ಆದ್ರೆ ಮೊಣಕೈ ಹತ್ರ ಮೂಳೆ ಮುರಿದವರು ಮಂಗಳೂರಿನ ಆಸ್ಪತ್ರೆಗೆ ಹೋಗಿ ಇಂಗ್ಲಿಷ್‌ನಲ್ಲಿ ಹ್ಯಾಂಡ್ ನೋವು ಅಂದ್ರೆ ಡಾಕ್ಟ್ರು ಮೊದಲು ಅಂಗೈ, ಬೆರಳನ್ನೇ ನೋಡಬಹುದು, ಅಲ್ವಾ?

ಗಡಿಯಾರದ್ದು ಅವರ್ ಹ್ಯಾಂಡ್, ಮಿನಿಟ್ ಹ್ಯಾಂಡ್, ಸೆಕೆಂಡ್ ಹ್ಯಾಂಡ್. ನೀಡಲ್ ಅನ್ನೋದು ದಿಕ್ಸೂಚಿಗೆ, ಬೈಕಿನ ಸ್ಪೀಡೋಮೀಟರಿಗೆ ಸರಿ. ಹಾಗಂತ ಸೆಕೆಂಡ್ ಹ್ಯಾಂಡ್ ಬೈಕಿಗೂ ಗಡಿಯಾರದ ಸೆಕೆಂಡಿಗೂ ಸಂಬಂಧ ಹುಡುಕಬೇಡಿ (ಅದನ್ನೂ ಯಾರೋ ಸುಮ್ನೆ ಸೇರಿಸಿದ್ದಾರೆ), ಅದು ಎರಡನೇ ಕೈಗೆ ದಾಟಿದ ಬೈಕು ಅಷ್ಟೇ.

ಯಾರಾದ್ರೂ 'ಗಿವ್ ಮಿ ಎ ಹ್ಯಾಂಡ್' ಅಂದ್ರೆ ಸ್ವಲ್ಪ ಕೈ ಜೋಡಿಸಿ ಅಂತ. ತೋಟದ ಆಳು ಫಾರ್ಮ್ ಹ್ಯಾಂಡ್. ಕುದುರೆಯ ಎತ್ತರ ಅಳೆಯುವಾಗ ಒಂದು ಹ್ಯಾಂಡ್ ಅಂದ್ರೆ 4 ಇಂಚು.

ಇನ್ನು ಫುಟ್ಬಾಲ್ ಹುಡುಗರ ತಕರಾರು: ಮೊಣಕೈಗೆ ಬಾಲ್ ತಾಗಿದ್ರೆ ಹ್ಯಾಂಡ್‌ಬಾಲ್ ಹೇಗೆ ಅಂತ. ಆ ನಿಯಮ ಹ್ಯಾಂಡ್ ಜತೆ ಆರ್ಮನ್ನೂ ಸೇರಿಸುತ್ತದೆ, ಕಂಕುಳಿನ ಕೆಳಗಿನ ಅಂಚಿನ ಮಟ್ಟದವರೆಗೆ. ಅದು ಆಟದ ಲೆಕ್ಕ, ಪದದ ಅರ್ಥ ಅಲ್ಲ.